ಸೂಗಪ್ಪನ ಅಡ್ಡ ಪಟ್ಟಾ

“ಹೆಗಲ ಮ್ಯಾಲಿನ ಟವೆಲ್ ತೆಗೀರಿ ಮೊದಲ!”

ಮೆಹರಬಾನು ಕೂಗಿದ ರಭಸಕ್ಕೆ ಹೆಡ್ ಕಾನ್‌ಸ್ಟೇಬಲ್ ಹೊನ್ನೂರಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾರಿ ಗೋಡೆಗೆ ಬೆನ್ನು ಹಚ್ಚಿದ. ಮೋಟಾರು ಇನ್ನೂ ಶುರುವೇ ಆಗಿರಲಿಲ್ಲ. ಎರಡು ಗಾಲಿಗಳ ನಡುವೆ ಸುಮ್ಮನೆ ಮಲಗಿದ್ದ ಪಟ್ಟಾ, ಪಂಪಿನ ಬೆಲ್ಟು, ಕಂಡೇ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ತೆಗೀತೀನಿ, ತೆಗೀತೀನಿ. ಒದರಬ್ಯಾಡ.”

“ಒದರದಿದ್ರ ನಿಮ್ಮ ಭಾವನ ಗತೀನೇ ನಿಮಗೂ ಆಗತೈತಿ ದಫೇದಾರ್ರೇ. ನಡಕ್ಕ ಕಟ್ಕೊಳ್ರಿ, ಬಿಗಿಯಾಗಿ.”

ಹೊನ್ನೂರಪ್ಪ ಟವೆಲನ್ನು ನಡುವಿಗೆ ಸುತ್ತಿ ಮೂರು ಗಂಟು ಹಾಕಿದ. ಮೂರು ಸಾಲದೆನಿಸಿ ಇನ್ನೊಂದು ಹಾಕಿದ.

ಮಂಗಳವಾರ ಬೆಳಿಗ್ಗೆ, ದಢೇಸುಗೂರಿನ ಕಾಲುವೆ ದಂಡೆಯ ಇದೇ ಪಂಪ್‌ಹೌಸಿನಲ್ಲಿ, ಇದೇ ಪಟ್ಟಾಕ್ಕೆ ಕೊರಳಿನ ಟವೆಲ್ ಸಿಕ್ಕು ಪಂಪಿನ ಆಪರೇಟರ್ ಸೂಗಪ್ಪ ಹೆಣವಾಗಿ ಕಂಡಿದ್ದ. ಅವನು ಹೊನ್ನೂರಪ್ಪನ ಒಡಹುಟ್ಟಿದ ಅಕ್ಕ ಬಸ್ಸಮ್ಮನ ಗಂಡ. ಇವತ್ತು ಶುಕ್ರವಾರ. ಸಿಂಧನೂರಿನ ಠಾಣೆಯ ಸಾಹೇಬರು ಬೆಳಿಗ್ಗೆಯೇ ಖಡಾಖಂಡಿತ ಹೇಳಿದ್ದರು: “ಸಂಜೆ ಐದಕ್ಕೆ ಆಕಸ್ಮಿಕ ಅಂತ ಬರೆದು ಫೈಲು ಮುಚ್ತೀನಿ. ಅಷ್ಟರೊಳಗೆ ಸಾಕ್ಷಿ ಇದ್ದರೆ ತಾ. ಸಂಬಂಧಿಕ ಅಂತ ಕಣ್ಣೀರು ತರಬೇಡ.”

ಆಕಸ್ಮಿಕ! ಆ ಮಾತನ್ನು ಹೊನ್ನೂರಪ್ಪ ನಂಬಲು ತಯಾರಿರಲಿಲ್ಲ. ನಲವತ್ತು ವರ್ಷ ಪಟ್ಟಾದ ಜೊತೆ ಬಾಳಿದ ಸೂಗಪ್ಪ, ಬಾಗಿಲ ಪಕ್ಕದ ಮೊಳೆಗೆ ಟವೆಲ್ ಸಿಕ್ಕಿಸದೆ ಒಂದು ದಿನವೂ ಮೋಟಾರಿನ ಗುಂಡಿ ಒತ್ತಿದವನಲ್ಲ. ಕುಡಿದಿದ್ದ ಅಂತ ಊರವರು ಗುಸುಗುಸು ಅಂದರು. ಸೂಗಪ್ಪ ಚಹಾ ಕೂಡ ಅರ್ಧ ಕಪ್ಪು ಕುಡಿಯುವವನು.

ಇನ್ನು ಹೊನ್ನೂರಪ್ಪನ ಸುದ್ದಿ. ಲಾಠಿ ಹಿಡಿದು ಗುಂಪಿನೊಳಗೆ ನುಗ್ಗುವ ಗಂಡಸು, ಹಿಟ್ಟಿನ ಗಿರಣಿಗೆ ಜೋಳದ ಡಬ್ಬಿ ಒಯ್ಯಲು ಮಾತ್ರ ಹೆಂಡತಿಯನ್ನೇ ಕಳಿಸುತ್ತಿದ್ದ. ಠಾಣೆಯವರು ನಗುತ್ತಿದ್ದರು. ನಗಲಿ. ಅವರ್ಯಾರೂ ಒಂಬತ್ತನೇ ವಯಸ್ಸಿನಲ್ಲಿ ಮಸ್ಕಿಯ ಗಿರಣಿಯೊಂದರಲ್ಲಿ ನಿಂತು, ತಮ್ಮ ಅಂಗಿಯ ಚುಂಗನ್ನು ಪಟ್ಟಾ ಕಚ್ಚಿಕೊಂಡು ಎಳೆದದ್ದನ್ನು ಕಂಡವರಲ್ಲ. ಆಗ ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗ ಸೂಗಪ್ಪ ಒಂದು ಬಿದಿರು ಕೋಲಿನಿಂದ ಓಡುವ ಪಟ್ಟಾವನ್ನು ಗಾಲಿಯಿಂದ ಬದಿಗೆ ನೂಕಿ ಕೆಡವಿದ. ಅಂಗಿ ಹೋಯಿತು, ಜೀವ ಉಳಿಯಿತು. ಮುಂದೆ ನಾಲ್ಕು ವರ್ಷಕ್ಕೆ ಅದೇ ಸೂಗಪ್ಪ ಅಕ್ಕನಿಗೆ ತಾಳಿ ಕಟ್ಟಿದ.

ಆ ಬಿದಿರು ಕೋಲಿನ ತಮ್ಮನಂಥದ್ದೊಂದು ಕೋಲು ಈಗಲೂ ಬಾಗಿಲ ಮೂಲೆಯಲ್ಲಿ ನಿಂತಿತ್ತು. ಸೂಗಪ್ಪನ ಕೈ ತಾಗಿ ತಾಗಿ ಅದರ ಹಿಡಿ ನುಣ್ಣಗಾಗಿತ್ತು.

“ನೋಡ್ರಿ ಇಲ್ಲೆ,” ಎಂದಳು ಮೆಹರಬಾನು. ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಅವಳದು. ಅಪ್ಪ ದಸ್ತಗೀರ್‌ಸಾಬನ ಕಣ್ಣು ಮಂಜಾದ ಮೇಲೆ ಸುತ್ತಲಿನ ಇಪ್ಪತ್ತು ಹಳ್ಳಿಯ ಪಂಪುಗಳಿಗೆ ಅವಳೇ ವೈದ್ಯೆ. ದುಪಟ್ಟಾವನ್ನು ಸ್ಕೂಟಿಯ ಡಬ್ಬಿಯಲ್ಲಿ ಕೀಲಿ ಹಾಕಿಟ್ಟು, ಕೂದಲನ್ನು ಬಿಗಿಯಾಗಿ ಕಟ್ಟಿ, ಮೇಲೊಂದು ದಪ್ಪ ಅಂಗಿ ತೊಟ್ಟು ಬಂದಿದ್ದಳು.

“ಮಂಗಳವಾರ ನೀವು ಫೋಟೋ ಹೊಡದಾಗ ಪಟ್ಟಾ ಹಿಂಗ ಇತ್ತಲ್ಲ? ಅಡ್ಡ?”

ಹೊನ್ನೂರಪ್ಪ ಫೋನು ತೆಗೆದು ಮತ್ತೊಮ್ಮೆ ನೋಡಿದ. ಫೋಟೋದಲ್ಲಿ ಭಾವನ ಮುಖ ಕಾಣದಂತೆ ಬೆರಳಿನಿಂದ ಮುಚ್ಚಿಕೊಂಡ. ಹೌದು, ಮೋಟಾರಿನ ಗಾಲಿಯಿಂದ ಪಂಪಿನ ಗಾಲಿಗೆ ಹೋಗುವ ಅಗಲವಾದ ಪಟ್ಟಾ ನಡುವೆ ಒಂದು ತಿರುವು ತಿಂದು, ಇಂಗ್ಲಿಷಿನ ಎಂಟರ ಅಂಕಿಯಂತೆ ಬಿದ್ದಿತ್ತು. ಇವತ್ತೂ ಹಾಗೆಯೇ ಇತ್ತು. ಅಂದಿನಿಂದ ಯಾರೂ ಮುಟ್ಟಿರಲಿಲ್ಲ.

“ಇತ್ತು. ಅದಕ್ಕೇನೀಗ?”

“ಈಗ ಹಿಂಗೇ ಚಾಲೂ ಮಾಡ್ತೀನಿ. ನೀವು ಪಂಪಿನ ಗಾಲಿ ನೋಡ್ರಿ. ಯಾವ ಕಡೆ ತಿರುಗತೈತಿ, ಅಷ್ಟ ಹೇಳ್ರಿ.”

“ನಾ ಹೊರಗ ನಿಂತು ನೋಡ್ಲೇನು?”

“ಹೊರಗ ನಿಂತ್ರ ನೀವು ಗ್ವಾಡಿ ನೋಡ್ತೀರಿ.”

ಅವಳು ಎರಡು ಕೊಡ ನೀರು ತಂದು ಪಂಪಿನ ತಲೆಯ ಬಾಯಿಗೆ ಸುರಿದಳು. ಮೊದಲು ನೀರು ಕುಡಿಸದೆ ತಿರುಗಿಸಿದರೆ ಪಂಪು ಗಾಳಿಯನ್ನೇ ಅಗಿಯುತ್ತ ಕೂರುತ್ತದೆ. ಹಸಿದ ಮಗುವಿನ ಬಾಯಿಗೆ ಬರಿ ಬೆರಳು ಕೊಟ್ಟಂತೆ. ಬಾಯಿ ಮುಚ್ಚಿ, ತಿರುಪು ಬಿಗಿದು, ಗೋಡೆಯ ಪೆಟ್ಟಿಗೆಯ ಹಸಿರು ಗುಂಡಿ ಒತ್ತಿದಳು.

ಮೋಟಾರು ಗುಂಯ್ ಎಂದಿತು. ಪಟ್ಟಾ ಒಮ್ಮೆ ಅದುರಿ, ನಡುವಿನ ತಿರುವಿನಲ್ಲಿ ತನ್ನ ಮೈಗೆ ತಾನೇ ಉಜ್ಜಿಕೊಳ್ಳುತ್ತ ಓಡತೊಡಗಿತು. ಹೊನ್ನೂರಪ್ಪ ಗೋಡೆಗೆ ಮತ್ತಷ್ಟು ಒತ್ತಿ ನಿಂತ. ಕಣ್ಣು ಮುಚ್ಚಬೇಕೆಂದರೂ ಮುಚ್ಚಲಿಲ್ಲ. ಮುಚ್ಚಿದರೆ ಆ ಮಸ್ಕಿಯ ಗಿರಣಿಯೇ ಕಾಣುತ್ತಿತ್ತು.

ಟಕ್. ಟಕ್. ಟಕ್. ಟಕ್.

“ಏನದು ಸಪ್ಪಳ?” ಎಂದು ಒರಲಿದ.

“ಪಟ್ಟಾದ ಹೊಲಿಗಿ! ನಿಮ್ಮ ಭಾವ ತೊಗಲಿನ ದಾರದಾಗ ಹೊಲದಾನ. ಒಂದು ಗಂಟು ಎದ್ದೈತಿ. ಸುತ್ತಿಗೊಮ್ಮೆ ಗಾಲಿಗೆ ಬಡೀತೈತಿ. ಸಪ್ಪಳ ಬಿಡ್ರಿ, ಗಾಲಿ ನೋಡ್ರಿ!”

ನೋಡಿದ. ಪಂಪಿನ ಕಬ್ಬಿಣದ ಹೊಟ್ಟೆಯ ಮೇಲೆ ಎರಕದಲ್ಲೇ ಮೂಡಿದ ಒಂದು ಬಾಣದ ಗುರುತಿತ್ತು. ಬಾಣ ಬಲಕ್ಕೆ ತೋರಿಸುತ್ತಿತ್ತು. ಗಾಲಿ ಎಡಕ್ಕೆ ತಿರುಗುತ್ತಿತ್ತು.

“ಉಲ್ಟಾ!”

ಪೈಪಿನ ಮೇಲೆ ಗಡಿಯಾರದಂಥ ಒಂದು ಮೀಟರಿತ್ತು. ಅದರ ಮುಳ್ಳು ಸ್ವಲ್ಪ ಏರಿ, ಅಲ್ಲೇ ನಡುಗುತ್ತ ನಿಂತಿತು. ಮೇಲೆ ದಿನ್ನಿಯ ತೊಟ್ಟಿಗೆ ನೀರು ಮುಟ್ಟಬೇಕಾದರೆ ಅದು ಅರ್ಧಕ್ಕಿಂತ ಮೇಲೆ ಹೋಗಬೇಕು. ಮೆಹರಬಾನು ಕೆಂಪು ಗುಂಡಿ ಒತ್ತಿದಳು. ಟಕ್, ಟಕ್… ಟಕ್… ಪಟ್ಟಾ ನಿಂತಿತು. ಹೊನ್ನೂರಪ್ಪ ಆಗ ಉಸಿರು ಬಿಟ್ಟ.

“ಈಗ ಹೇಳ್ರಿ,” ಎಂದಳು ಅವಳು ಕೈ ಒರೆಸಿಕೊಳ್ಳುತ್ತ. “ಹಿಂಗ ಉಲ್ಟಾ ತಿರುಗೋ ಪಂಪಿನ ಮುಂದ ಸೂಗಪ್ಪಣ್ಣ ಯಾಕ ನಿಂತಿದ್ದ? ನೀರು ಏರಂಗಿಲ್ಲ. ಬರೇ ಒಳಗ ಕಲಸ್ತದ.”

“ಹಂಗಾರ ಪಟ್ಟಾ ಅಡ್ಡ ಯಾಕ ಹಾಕಿದ್ದ?”

“ಅದೇ ನೋಡ್ರಿ ಕೀಲು. ನಿಮ್ಮ ಭಾವಗ ಕರೆಂಟಂದ್ರ ಜೀವ ಅಂಜಿಕಿ, ಗೊತ್ತೈತಲ್ಲ?”

ಗೊತ್ತಿಲ್ಲದೆ ಏನು? ಸೂಗಪ್ಪನ ಅಣ್ಣ ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಕೈ ಹಾಕಿಯೇ ಸತ್ತದ್ದು. ಅಂದಿನಿಂದ ಸೂಗಪ್ಪ ಆ ಪೆಟ್ಟಿಗೆಯ ಮುಚ್ಚಳ ತೆಗೆದವನಲ್ಲ. ಗುಂಡಿ ಒತ್ತುವುದೂ ಒಣ ಕಟ್ಟಿಗೆಯ ತುದಿಯಿಂದಲೇ. ಭಾವನಿಗೆ ಕರೆಂಟಿನ ಭಯ, ಭಾವಮೈದುನನಿಗೆ ಪಟ್ಟಾದ ಭಯ. ಬಸ್ಸಮ್ಮ ಇಬ್ಬರನ್ನೂ ಕೂಡಿಸಿ ನಗುತ್ತಿದ್ದಳು.

“ಲೈನು ಹರದು ಜೋಡಸ್ತಾರಲ್ಲ,” ಮೆಹರಬಾನು ಮುಂದುವರಿಸಿದಳು, “ಅವಸರದಾಗ ಮೂರು ತಂತಿಯೊಳಗ ಎರಡು ಅದಲುಬದಲಾದ್ರ ಮೋಟಾರು ಉಲ್ಟಾ ತಿರುಗತೈತಿ. ಬ್ಯಾರೆಯವ್ರು ಪೆಟ್ಟಿಗಿ ತೆಗೆದು ತಂತಿ ಬದಲಿ ಮಾಡ್ತಾರ. ಸೂಗಪ್ಪಣ್ಣ ಪೆಟ್ಟಿಗಿ ಮುಟ್ಟಂಗಿಲ್ಲ. ಅವ ಏನ್ ಮಾಡ್ತಿದ್ದ? ಪಟ್ಟಾ ತಿರುವಿ ಅಡ್ಡ ಹಾಕ್ತಿದ್ದ. ಸೀದಾ ಪಟ್ಟಾದಾಗ ಎರಡೂ ಗಾಲಿ ಒಂದೇ ಕಡೆ ತಿರುಗ್ತಾವ. ಅಡ್ಡ ಪಟ್ಟಾದಾಗ ಒಂದು ಆ ಕಡೆ, ಒಂದು ಈ ಕಡೆ. ಮೋಟಾರು ಉಲ್ಟಾ ಆದ್ರೂ ಪಂಪು ಸೀದಾ! ಈ ಸುತ್ತಿನಾಗ ಹಿಂಗ ಮಾಡಾವ ಅವನೊಬ್ಬನೇ. ಪಟ್ಟಾ ಲಗೂನ ಸವೀತದ ಅಂತ ನಮ್ಮಪ್ಪ ಎಷ್ಟು ಬೈದ್ರೂ ಕೇಳಲಿಲ್ಲ.”

“ಮತ್ತ ಈಗ ಲೈನು…”

“ಲೈನು ಈಗ ಬರೋಬ್ಬರಿ ಐತಿ.” ಅವಳು ಜೇಬಿನಿಂದ ಮಡಚಿದ ಕಾಗದ ತೆಗೆದಳು. ಲೈನ್‌ಮನ್ ಆಂಜನೇಯನ ಕೆಲಸದ ಪುಸ್ತಕದ ಒಂದು ಹಾಳೆಯ ನಕಲು. “ಐತವಾರ ನಾಕಕ್ಕ ಗಾಳಿಗೆ ತಂತಿ ಹರೀತು. ಜೋಡಿಸಿದ್ರು, ಉಲ್ಟಾ ಆತು. ಸೋಮವಾರ ಮಧ್ಯಾಹ್ನ ಎರಡಕ್ಕ ಲೈನು ಬಂದ್ ಮಾಡಿ, ಐದಕ್ಕ ಸೀದಾ ಮಾಡಿ ಬಿಟ್ರು. ಆಮ್ಯಾಲ ಇವತ್ತಿನ ತನಕ ಯಾರೂ ಮುಟ್ಟಿಲ್ಲ. ಆಂಜನೇಯ ಬಂದ್ ಮಾಡೂದಕ್ಕ ಮೊದಲೇ ದಂಡಿ ಮ್ಯಾಲ ನಿಂತು ಸೂಗಪ್ಪಣ್ಣಗ ಕೂಗಿ ಹೇಳ್ಯಾನ, ಐದರ ಮ್ಯಾಲ ಸೀದಾ ಆಗತೈತಿ ಅಂತ.”

ಹೊನ್ನೂರಪ್ಪ ಕಾಗದ ಹಿಡಿದು ನಿಂತ. ಅಕ್ಷರಗಳು ಓದಿಸಿಕೊಳ್ಳುತ್ತಿದ್ದವು, ಅರ್ಥ ಮಾತ್ರ ಬೇಡವೆನಿಸುತ್ತಿತ್ತು.

“ಮಂಗಳವಾರ ನಸುಕಿನ್ಯಾಗ ಚಾಲೂ ಮಾಡಿ, ಉಲ್ಟಾ ಐತಿ ಅಂತ ತಿಳಿಯೂದರೊಳಗ ಟವೆಲ್ ಸಿಕ್ಕಿರಬಹುದಲ್ಲ?” ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಒಂದು ಬೇಡಿಕೆಯೇ ಇತ್ತು.

“ಇಲ್ಲರಿ. ಲೈನು ರಿಪೇರಿ ಆದಾಗೊಮ್ಮೆ ಅವ ಮೊದಲ ಪಟ್ಟಾ ಕೆಡವಿ, ಬರೇ ಮೋಟಾರು ಓಡಿಸಿ, ಯಾವ ಕಡೆ ತಿರುಗತೈತಿ ನೋಡಿ, ಆಮ್ಯಾಲ ಪಟ್ಟಾ ಹಾಕ್ತಿದ್ದ. ನಮ್ಮಪ್ಪನೇ ಕಲಿಸಿದ್ದು. ಐದರ ಮ್ಯಾಲ ಅವ ಜೀವಂತ ಇದ್ದಿದ್ರ, ಪಟ್ಟಾ ಒಂದೋ ಸೀದಾ ಇರಬೇಕಿತ್ತು, ಇಲ್ಲಂದ್ರ ನೆಲದ ಮ್ಯಾಲಿರಬೇಕಿತ್ತು. ಅಡ್ಡ ಅಂತೂ ಇರ್ತಿದ್ದಿಲ್ಲ.”

ಅವಳು ಪಟ್ಟಾವನ್ನು ಮೆಲ್ಲಗೆ ತಟ್ಟಿದಳು.

“ಇದು ಕೊಲಿ ಅಂತ ಹೇಳಂಗಿಲ್ಲ ದಫೇದಾರ್ರೇ. ಬರೇ ಹೊತ್ತು ಹೇಳತೈತಿ. ಎರಡರಿಂದ ಐದರ ತನಕ ಕರೆಂಟೇ ಇದ್ದಿಲ್ಲ, ಪಟ್ಟಾ ತಿರುಗಿಲ್ಲ; ಅಂದ್ರ ಸೋಮವಾರ ಮಧ್ಯಾಹ್ನ ಎರಡರೊಳಗನ ಅವ ಮುಗದಾನ. ಸೋಮವಾರ ರಾತ್ರಿ ಅವನ ಜೋಡಿ ಮಾತಾಡೀನಿ ಅಂತ ಬರೆಸಿದವ್ರು ಯಾರಾದ್ರೂ ಅದಾರೇನು? ಇದ್ರ, ಅವ್ರು ಸುಳ್ಳು ಹೇಳ್ಯಾರ.”

ಹೊನ್ನೂರಪ್ಪ ಕಾಗದವನ್ನು ಮಡಚಿ ಜೇಬಿಗಿಟ್ಟ.

ಒಬ್ಬರಿದ್ದರು. ಆ ಹೇಳಿಕೆಯನ್ನು ಅವನೇ ತನ್ನ ಕೈಯಾರೆ ಬರೆದುಕೊಂಡಿದ್ದ. ‘ಸೋಮವಾರ ರಾತ್ರಿ ಎಂಟಕ್ಕೆ ಫೋನು ಮಾಡಿದ್ದೆ. ರೊಟ್ಟಿ ಉಂಡೀನಿ, ನಸುಕಿನಲ್ಲಿ ಪಂಪು ಹಚ್ಚುತ್ತೀನಿ ಅಂದರು.’ ಕೆಳಗೆ ಎಡಗೈ ಹೆಬ್ಬೆಟ್ಟು. ಬಸ್ಸಮ್ಮ, ಗಂಡ ಸೂಗಪ್ಪ. ಅಳುವ ಅಕ್ಕನ ಬೆರಳನ್ನು ಶಾಯಿಗೆ ಅದ್ದಿ, ಕಾಗದಕ್ಕೆ ಒತ್ತಿಸಿ, ತನ್ನ ಕರ್ಚೀಫಿನಿಂದಲೇ ಒರೆಸಿದ್ದ. ಅಂಥ ಹೆಂಗಸಿನ ಫೋನಿನ ದಾಖಲೆ ತರಿಸಬೇಕೆಂದು ಯಾವ ಸಾಹೇಬನಿಗೆ ಹೊಳೆಯುತ್ತದೆ? ಅವನಿಗಂತೂ ಹೊಳೆದಿರಲಿಲ್ಲ.

“ಯಾರ್ರೀ?” ಮೆಹರಬಾನು ಅವನ ಮುಖವನ್ನೇ ನೋಡುತ್ತಿದ್ದಳು.

“ಕಾಗದದಾಗ ಐತಿ. ನೋಡಬೇಕು,” ಎಂದ. ಪೊಲೀಸಿನವನ ಬಾಯಲ್ಲಿ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ನಾಚಿಕೆಯಾಯಿತು.

ಅವಳು ಕೆಲಸಕ್ಕೆ ತಿರುಗಿದಳು. ಪಟ್ಟಾ ಕೆಡವಿ, ಸೀದಾ ಹಾಕಿ, ಮತ್ತೆ ಹಸಿರು ಗುಂಡಿ ಒತ್ತಿದಳು. ಈ ಸಲ ಗಾಲಿ ಬಾಣದ ಮಾತು ಕೇಳಿತು. ಮೀಟರಿನ ಮುಳ್ಳು ಸರ್ರನೆ ಮೇಲೇರಿತು.

“ದಿನ್ನಿ ಮ್ಯಾಲ ಹೋಗಿ ನೋಡಿ ಬರ್ರಿ, ತೊಟ್ಟಿಗೆ ಎಷ್ಟು ದಪ್ಪ ಧಾರಿ ಬಿದ್ದೈತಿ ಅಂತ. ನಾ ಇಲ್ಲೇ ಬೇರಿಂಗಿನ ಬಿಸಿ ನೋಡ್ತಿರ್ತೀನಿ. ಒಂದು ಮಾತು ನೆನಪಿಡ್ರಿ. ಮೋಟಾರಿನ ಗುಂಯ್ ಹಂಗೇ ಇದ್ದು ನೀರು ಸಣ್ಣಾತಂದ್ರ, ಪಟ್ಟಾ ಜಾರಾಕತ್ತೈತಿ ಅಂತ ಅರ್ಥ. ಪಟ್ಟಾಕ್ಕ ಏನರ ಸಿಕ್ಕಾಗ ಹಂಗಾಗತೈತಿ.”

ಹೊನ್ನೂರಪ್ಪ ಬಾಗಿಲ ಮೂಲೆಯ ಬಿದಿರು ಕೋಲನ್ನು ಕೈಗೆತ್ತಿಕೊಂಡ.

“ಅದು ಪಟ್ಟಾ ಕೆಡವೋ ಕೋಲು. ಇಲ್ಲೇ ಇರ್ಲಿ.”

“ಬದುವಿನ ಹುಲ್ಲಾಗ ಹಾವು ಅದಾವಬೇ.”

“ಅಯ್ಯ, ಪಟ್ಟಾಕ್ಕೂ ಅಂಜಿಕಿ, ಹಾವಿಗೂ ಅಂಜಿಕಿ! ತಗೊಂಡ್ ಹೋಗ್ರಿ. ಲಗೂನ ಬರ್ರಿ.”

ಹೊರಗೆ ಮೂರು ಗಂಟೆಯ ಬಿಸಿಲು ಭತ್ತದ ಗದ್ದೆಗಳ ಮೇಲೆ ಕೂತಿತ್ತು. ಪೈಪಿನ ಗುಂಟ ದಿನ್ನಿ ಏರಲು ಇನ್ನೂರು ಹೆಜ್ಜೆ. ಹೊನ್ನೂರಪ್ಪ ಏರಿದ್ದು ನೀರು ನೋಡಲು ಅಲ್ಲ, ಮುಖ ಮರೆಸಿಕೊಳ್ಳಲು. ಅಕ್ಕ ಯಾಕೆ ಸುಳ್ಳು ಹೇಳಿದಳು? ಯಾರಿಗೆ ಹೆದರಿ? ಹೆದರಿಯೇ ಹೇಳಿರಬೇಕು. ತಾಯಿ ಸತ್ತ ಮೇಲೆ ತನ್ನ ತಟ್ಟೆಯ ತುತ್ತನ್ನು ಇವನ ಬಾಯಿಗಿಟ್ಟು ಬೆಳೆಸಿದವಳು ಸುಮ್ಮನೆ ಸುಳ್ಳು ಹೇಳುವಳೇ?

ದಿನ್ನಿಯ ಮೇಲಿನ ತೊಟ್ಟಿಗೆ ತೊಡೆ ಗಾತ್ರದ ಧಾರೆ ಧೋ ಎಂದು ಬೀಳುತ್ತಿತ್ತು. ತೊಟ್ಟಿಯ ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಹೊನ್ನೂರಪ್ಪನನ್ನು ಕಂಡದ್ದೇ ಎದ್ದು, ಓಡಲೋ ಬೇಡವೋ ಎಂದು ಎರಡು ಮನಸ್ಸಿನಿಂದ ನಿಂತ.

ಸಂತೆಕಲ್ಲೂರಿನ ದುರುಗೇಶ. ಸೂಗಪ್ಪನಿಗೆ ರಜೆ ಬೇಕಾದಾಗ ಪಂಪು ನೋಡಿಕೊಳ್ಳುತ್ತಿದ್ದ ಬದಲಿ ಆಪರೇಟರ್. ಮಂಗಳವಾರ ಬೆಳಿಗ್ಗೆ ಹೆಣ ಮೊದಲು ಕಂಡವನೂ ಅವನೇ.

“ನೀ ಇಲ್ಲಿ ಏನ್ ಮಾಡಾಕತ್ತೀಯಲೇ?”

“ನೀರಿನ ಸಪ್ಪಳ ಕೇಳ್ತು. ಪಂಪ ಯಾರು ಹಚ್ಯಾರ ಅಂತ ನೋಡಾಕ ಬಂದೆ.” ದುರುಗೇಶ ಕೆಳಗಿನ ಪಂಪ್‌ಹೌಸಿನ ಕಡೆ ನೋಡಿದ. “ಅಡ್ಡ ಪಟ್ಟಾ ಸೀದಾ ಮಾಡಿದ್ರೇನ್ರಿ?”

ಹೊನ್ನೂರಪ್ಪ ಕೋಲನ್ನು ನೆಲಕ್ಕೂರಿದ. ಒಳಗಿದ್ದ ಭಯವೆಲ್ಲ ಸಿಟ್ಟಾಗಿ ಹೊರಬರಲು ಒಂದು ದಾರಿ ಸಿಕ್ಕಿತ್ತು.

“ಪಟ್ಟಾ ಅಡ್ಡ ಇದ್ದದ್ದು ನಿನಗ ಗೊತ್ತಿತ್ತು. ಅದರ ಅರ್ಥಾನೂ ಗೊತ್ತಿತ್ತು. ನೀನೂ ಆಪರೇಟರೇ. ಸೋಮವಾರ ಎರಡರೊಳಗ ಅವ ಸತ್ತಾನ ಅಂತ ತಿಳಿದೂ ನಾಕು ದಿನ ಬಾಯಿ ಮುಚ್ಕೊಂಡು ಕೂತೀ. ಯಾಕ? ನೀನೇ ಮುಗಿಸಿದಿ ಏನು?”

“ಇಲ್ಲರೀ! ದುರುಗಮ್ಮನ ಆಣೆ!”

“ಐತವಾರ ತೂಬಿನ ಸಲುವಾಗಿ ಅವನ ಕೊರಳಪಟ್ಟಿ ಹಿಡದಿದ್ದಿ. ಊರೆಲ್ಲ ನೋಡೈತಿ.”

“ಹಿಡದಿದ್ದೆ. ಅದಕ್ಕ ಸೋಮವಾರ ತಪ್ಪಾತು ಅಂತ ಕೇಳಾಕ ಬಂದಿದ್ದೆರೀ.”

ಬಾಯಿ ತಪ್ಪಿ ಬಂದ ಮಾತನ್ನು ದುರುಗೇಶ ನುಂಗಿಕೊಳ್ಳಲು ನೋಡಿದ, ಆಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತ.

“ಎಷ್ಟೊತ್ತಿಗೆ ಬಂದಿದ್ದಿ?”

“ಮೂರಕ್ಕ. ಕರೆಂಟ್ ಇದ್ದಿಲ್ಲ. ಪಂಪ್‌ಹೌಸಿನ ಬಾಗಲಕ್ಕ ಹೊರಗಿಂದ ಕೀಲಿ ಹಾಕಿತ್ತು. ಮನಿಗೆ ಹೋಗ್ಯಾನ ಅಂದ್ಕೊಂಡೆ. ಹಂಗೇ ಕಿಂಡ್ಯಾಗ ಹಣಿಕಿ ಹಾಕಿದೆ.” ಅವನ ಧ್ವನಿ ಸಣ್ಣಗಾಯಿತು. “ಕಾಲು ಕಂಡ್ವು. ಎರಡೂ ಕಾಲು. ನೆಲಕ್ಕ ಹತ್ತಿದ್ದಿಲ್ಲ ಬರೋಬ್ಬರಿ.”

“ಮತ್ತ?”

“ಓಡಿ ಹೋದೆ. ನಿನ್ನೆ ಜಗಳಾಡಿದಾವ ಇವತ್ತು ಹೆಣ ಕಂಡೆ ಅಂದ್ರ ಯಾರು ನಂಬ್ತಾರ? ರಾತ್ರಿಯೆಲ್ಲ ನಿದ್ದಿ ಇಲ್ಲ. ಮಂಗಳವಾರ ಆರಕ್ಕ ತಡೀದ ಬಂದೆ. ಬಂದು ನೋಡಿದ್ರ… ಕೀಲಿ ಇದ್ದಿಲ್ಲರೀ. ಬಾಗಲ ಹಾರು ಹೊಡದು ತೆರದಿತ್ತು.”

ಹೊನ್ನೂರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಳಗೆ ಹೆಣ, ಹೊರಗೆ ಕೀಲಿ. ಸತ್ತವನು ಹೊರಗಿನಿಂದ ಕೀಲಿ ಹಾಕುವುದಿಲ್ಲ. ಯಾರೋ ಹಾಕಿದ್ದರು. ಅವರೇ ರಾತ್ರಿ ಬಂದು ತೆಗೆದೂ ಇದ್ದರು, ಆಕಸ್ಮಿಕವಾಗಿ ಕಾಣಲೆಂದು.

“ಆ ಕೀಲಿಗೆ ಕೀಲಿಕೈ ಎಷ್ಟು?”

“ಎರಡು. ಒಂದು ಸೂಗಪ್ಪಣ್ಣನ ಉಡದಾರದಾಗ ಇರ್ತಿತ್ತು. ಅದು ಹೆಣದ ಮ್ಯಾಲ ಸಿಕ್ಕೈತಿ, ನೀವೇ ಬರ್ಕೊಂಡೀರಿ.”

“ಎರಡನೇದು?”

ದುರುಗೇಶ ತಲೆ ಎತ್ತಲಿಲ್ಲ. “ನನ್ನ ಯಾಕ ಕೇಳ್ತೀರಿ? ನಿಮಗ ಗೊತ್ತಿಲ್ಲೇನು?”

“ಬೊಗಳು!”

“ನೀವು ಆಕೀ ತಮ್ಮ. ನಿಮ್ಮ ಮುಂದ ಹ್ಯಾಂಗ ಹೇಳ್ಲಿ ಅಂತನ ನಾಕು ದಿನ ಗಪ್ ಇದ್ದೆ. ಇನ್ನು ನನ್ನ ಹೆಸರು ತೆಗೀಬ್ಯಾಡ್ರಿ. ಕೈ ಮುಗೀತೀನಿ.”

ಅಷ್ಟು ಹೇಳಿ ಅವನು ಎದ್ದ. ತೊಗರಿಯ ಹೊಲದ ಬದುವಿಗುಂಟ ಸಂತೆಕಲ್ಲೂರಿನ ಆಟೋ ನಿಲ್ಲುವ ರಸ್ತೆಯ ಕಡೆ, ಹಿಂದಿರುಗಿ ನೋಡದೆ ದಾಪುಗಾಲು ಹಾಕಿದ. ಹೊನ್ನೂರಪ್ಪ ತಡೆಯಲಿಲ್ಲ.

ಅಕ್ಕನ ನಡುವಿನಲ್ಲಿ ತೂಗುವ ಕೀಲಿಕೈ ಗೊಂಚಲು ಅವನ ಕಣ್ಣಿಗೆ ಕಟ್ಟಿತು. ಮನೆಯದು, ಪೆಟ್ಟಿಗೆಯದು, ಕಣಜದ್ದು. ಅವುಗಳ ನಡುವೆ ಕೆಂಪು ದಾರ ಸುತ್ತಿದ ಒಂದು ಉದ್ದನೆಯದು. ‘ಇದು ನಿಮ್ಮ ಭಾವನ ಎರಡನೇ ಹೆಂಡ್ತಿ ಮನೀದ್ದು,’ ಎಂದು ಪಂಪ್‌ಹೌಸಿನ ಕಡೆ ಗದ್ದ ಎತ್ತಿ ತಮಾಷೆ ಮಾಡುತ್ತಿದ್ದಳು.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೊನ್ನೂರಪ್ಪ ಹಾವು ಕಡಿದವನಂತೆ ಬೆಚ್ಚಿದ.

ಪರದೆಯ ಮೇಲೆ ಒಂದೇ ಪದ: ಅಕ್ಕ.

“ತಮ್ಮಾ,” ಎಂದಳು ಬಸ್ಸಮ್ಮ. “ಉಂಡಿ ಏನು?”

ಅದೇ ಧ್ವನಿ. ಐವತ್ತು ವರ್ಷದಿಂದ ಮೊದಲ ಮಾತು ಅದೇ. ಹೊನ್ನೂರಪ್ಪನ ಕಣ್ಣು ತುಂಬಿತು.

“ಉಂಡೀನಿ. ನೀ ಎಲ್ಲಿದ್ದೀ ಅಕ್ಕಾ?”

“ಎಲ್ಲಿರ್ತೀನಿ? ಲಿಂಗಸುಗೂರಾಗ, ಅಮರೇಶ್ವರಿ ಮನ್ಯಾಗ.” ಮೂರು ದಿನದ ಶಾಸ್ತ್ರ ಮುಗಿಸಿ ಮಗಳು ನಿನ್ನೆಯಷ್ಟೇ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು.

ಅವಳ ಮಾತಿನ ಹಿಂದೆ ಒಂದು ಸದ್ದು. ಟಕ್. ಟಕ್. ಟಕ್. ಟಕ್.

ರೊಟ್ಟಿ ಬಡಿಯುತ್ತಿದ್ದಾರೆ ಎಂದುಕೊಂಡ. ಅಮರೇಶ್ವರಿ ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳುತ್ತದೆ. ಆ ಒಂದು ಗಳಿಗೆ ಅವನ ಜೀವಕ್ಕೆ ತಂಪಾಯಿತು. ಅಕ್ಕ ಒಲೆಯ ಮುಂದಿದ್ದಾಳೆ, ಮಗಳ ಜೊತೆಗಿದ್ದಾಳೆ. ಉಳಿದದ್ದಕ್ಕೆಲ್ಲ ಏನೋ ಒಂದು ಉತ್ತರ ಇದ್ದೀತು.

ಟಕ್. ಟಕ್. ಟಕ್. ಟಕ್.

ರೊಟ್ಟಿ ಬಡಿಯುವ ಕೈ ನಡುನಡುವೆ ನಿಲ್ಲುತ್ತದೆ. ಹಿಟ್ಟು ಉದುರಿಸುತ್ತದೆ, ರೊಟ್ಟಿ ತಿರುವುತ್ತದೆ. ಈ ಕೈ ನಿಲ್ಲಲೇ ಇಲ್ಲ.

ಹೊನ್ನೂರಪ್ಪ ಮೆಲ್ಲಗೆ ತಿರುಗಿ ಕೆಳಗೆ ನೋಡಿದ. ದಿನ್ನಿಯ ಬುಡದಲ್ಲಿ ಪಂಪ್‌ಹೌಸಿನ ಬೆನ್ನಗೋಡೆ, ತಗಡಿನ ಸೂರು. ಬಾಗಿಲು ಆಚೆ ಬದಿಗಿತ್ತು, ಇಲ್ಲಿಂದ ಕಾಣುತ್ತಿರಲಿಲ್ಲ. ಇಷ್ಟು ದೂರಕ್ಕೆ ಮೋಟಾರಿನ ಗುಂಯ್ ಮಾತ್ರ ಕೇಳುತ್ತಿತ್ತು. ಹೊಲಿಗೆಯ ಸದ್ದು ಇಲ್ಲಿಗೆ ಬರುತ್ತಿರಲಿಲ್ಲ. ಅದು ಬರುತ್ತಿದ್ದದ್ದು ಫೋನಿನೊಳಗಿಂದ.

“ಅಕ್ಕಾ,” ಎಂದ. “ಖರೇ ಹೇಳು. ಎಲ್ಲಿ ನಿಂತೀ ನೀ?”

ಟಕ್ ಟಕ್ ಇನ್ನೂ ಹತ್ತಿರವಾಯಿತು, ಯಾರೋ ಹೊಸಿಲು ದಾಟಿದಂತೆ.

“ನೀ ಪಟ್ಟಾ ಮುಟ್ಟಬಾರದಿತ್ತು ತಮ್ಮಾ,” ಎಂದಳು ಬಸ್ಸಮ್ಮ. ಬೈಗುಳವಿರಲಿಲ್ಲ, ಅಳುವಿರಲಿಲ್ಲ. ಜ್ವರ ಬಂದಾಗ ಹಣೆ ಸವರಿ ಮಾತಾಡುತ್ತಿದ್ದ ದನಿ. “ಸಣ್ಣಾಂವಿದ್ದಾಗಿನಿಂದ ಅಂಜ್ತಿದ್ದಿ. ಹಂಗೇ ಅಂಜಿಕೊಂಡು ಇದ್ದಿದ್ರ ಚಲೋ ಇತ್ತು. ಅಲ್ಲೇ ನಿಂದ್ರು. ಏನಾದ್ರೂ ಆಗ್ಲಿ, ಇಳಿದು ಬರಬ್ಯಾಡ.”

“ಅಕ್ಕಾ! ಒಳಗ ಮೆಹರಬಾನು ಅದಾಳ! ಆಕೀಗೂ ಇದಕ್ಕೂ—”

ಆಗ ಫೋನಿನೊಳಗಿಂದಲೇ, ಮೋಟಾರಿನ ಸದ್ದನ್ನು ಸೀಳಿಕೊಂಡು, ಮೆಹರಬಾನುವಿನ ಕೂಗು ಕೇಳಿಸಿತು.

“ಯಾರ್ರೀ ಅದು? ಹಿಂದ ಸರೀರಿ! ಅಮ್ಮಾ, ಸೆರಗು! ಸೆರಗು—!”

ಟಕ್. ಟಕ್.

ಒಂದು ಟಕ್ ತಪ್ಪಿತು. ಫೋನು ಎಲ್ಲಿಗೋ ಬಿದ್ದು ಸುಮ್ಮನಾಯಿತು.

ಹೊನ್ನೂರಪ್ಪ “ಅಕ್ಕಾ” ಎಂದು ಕೂಗಿದನೋ “ಮೆಹರಬಾನು” ಎಂದು ಕೂಗಿದನೋ ಅವನಿಗೇ ತಿಳಿಯಲಿಲ್ಲ. ಕೆಳಗೆ ಮೋಟಾರು ಗುಂಯ್ ಎನ್ನುತ್ತಲೇ ಇತ್ತು; ಕೆಂಪು ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಅವನ ಪಕ್ಕದಲ್ಲಿ ತೊಟ್ಟಿಗೆ ಬೀಳುತ್ತಿದ್ದ ನೀರಿನ ಧಾರೆ ತೊಡೆಯಷ್ಟಿದ್ದದ್ದು ತೋಳಿನಷ್ಟಾಯಿತು. ತೋಳಿನಷ್ಟಿದ್ದದ್ದು ಬೆರಳಿನಷ್ಟಾಯಿತು. ಆಮೇಲೆ ಪೈಪಿನ ಬಾಯಿಂದ ಹನಿ ಮಾತ್ರ ತೊಟ್ಟಿಕ್ಕಿತು.

ಪಟ್ಟಾಕ್ಕೆ ಏನೋ ಸಿಕ್ಕಿತ್ತು. ಅದನ್ನು ಕೆಡವುವ ಕೋಲು ಇನ್ನೂರು ಹೆಜ್ಜೆ ಮೇಲೆ, ಹೊನ್ನೂರಪ್ಪನ ಕೈಯಲ್ಲಿತ್ತು.